ಬೆದರಿಕೆಯೂ ಅಪರಾಧವೇ

ಏಟಿನ ಗಾಯವು ಕಣ್ಣಿಗೆ ಕಾಣುತ್ತದೆ. ಬೆದರಿಕೆಯ ಗಾಯವು ಕಾಣುವುದಿಲ್ಲ. ಆದುದರಿಂದಲೇ ನಮ್ಮ ಜನರು, “ಬರಿಯ ಮಾತು ತಾನೆ, ಕೈಯೆತ್ತಿ ಹೊಡೆದನೇನು?” ಎಂದು ಅದನ್ನು ತಳ್ಳಿಹಾಕುವುದುಂಟು. ಕಾನೂನು ಮಾತ್ರ ಹಾಗೆ ತಳ್ಳಿಹಾಕಿಲ್ಲ.

ಮೆಕಾಲೆಯ ಅಧ್ಯಕ್ಷತೆಯ ಆಯೋಗವು 1837ರಲ್ಲಿ ಕರಡನ್ನು ಒಪ್ಪಿಸಿ, 1860ರಲ್ಲಿ ಶಾಸನವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯಲ್ಲಿ 503ನೆಯ ಕಲಮು ಈ ಅಪರಾಧವನ್ನು ವಿವರಿಸುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮು ಆ ಸ್ಥಾನಕ್ಕೆ ಬಂದಿದೆ. ಅಂಕೆ ಬದಲಾಯಿತು; ತಿರುಳು ಹಾಗೆಯೇ ಉಳಿಯಿತು.

ಆ ತಿರುಳೇನು? ಒಬ್ಬನ ದೇಹಕ್ಕಾಗಲಿ, ಮಾನಕ್ಕಾಗಲಿ, ಆಸ್ತಿಗಾಗಲಿ, ಅಥವಾ ಅವನಿಗೆ ಬೇಕಾದವರ ದೇಹಕ್ಕೂ ಮಾನಕ್ಕೂ ಆಗಲಿ, ಕೇಡು ಮಾಡುವೆನೆಂದು ಹೇಳುವುದು ಮೊದಲನೆಯ ಅಂಶ. ತೀರಿಹೋದ ಹಿರಿಯರ ಹೆಸರಿಗೆ ಮಸಿ ಬಳಿಯುವೆನೆಂಬುದೂ ಇದರಲ್ಲಿ ಸೇರುತ್ತದೆ. ಅವನನ್ನು ದಿಗಿಲುಗೊಳಿಸಬೇಕು, ಅಥವಾ ಅವನು ಮಾಡಬೇಕಾಗಿಲ್ಲದ್ದನ್ನು ಮಾಡಿಸಬೇಕು, ಇಲ್ಲವೆ ಮಾಡಲು ಹಕ್ಕುಳ್ಳದ್ದನ್ನು ತಪ್ಪಿಸಬೇಕು ಎಂಬ ಉದ್ದೇಶವು ಎರಡನೆಯ ಅಂಶ. ಎರಡೂ ಕೂಡಿದರೆ ಮಾತ್ರ ಅಪರಾಧವಾಗುತ್ತದೆ. ದಾವೆಯನ್ನು ಬಿಡಿಸುವುದಕ್ಕಾಗಿ ಮನೆ ಸುಡುವೆನೆಂದು ಹೆದರಿಸುವುದನ್ನೇ ಶಾಸನಕಾರರು ದೃಷ್ಟಾಂತವಾಗಿ ಕೊಟ್ಟಿದ್ದಾರೆ.

ಈ ದೃಷ್ಟಾಂತವನ್ನು ಓದಿದಾಗ ನನಗೆ ನಮ್ಮೂರಿನ ಒಬ್ಬ ಹೆಂಗಸಿನ ನೆನಪಾಯಿತು. ಹೊಲದ ಬದುವಿನ ವಿಷಯದಲ್ಲಿ ಆಕೆ ದಾವೆ ಹೂಡಿದ್ದಳು. “ಕೇಸು ವಾಪಸು ತಗೊ, ಇಲ್ಲದಿದ್ದರೆ ಬಣವೆ ಉಳಿಯೋದಿಲ್ಲ” ಎಂದು ಎದುರು ಕಕ್ಷಿಯವರು ಹೇಳಿಕಳುಹಿಸಿದರು. ಬಣವೆಗೆ ಯಾರೂ ಕಿಡಿ ಇಡಲಿಲ್ಲ; ಆದರೂ ಆಕೆ ದಾವೆಯನ್ನು ಬಿಟ್ಟಳು. ನ್ಯಾಯಾಲಯವು ಕೊಡಬೇಕಾಗಿದ್ದ ತೀರ್ಪನ್ನು ಬೆದರಿಕೆಯು ಕೊಟ್ಟುಬಿಟ್ಟಿತು. ಬೆದರಿಕೆಯನ್ನು ಅಪರಾಧವೆನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇನ್ನು ಶಿಕ್ಷೆ. ಸಾಮಾನ್ಯ ಬೆದರಿಕೆಗೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಜುಲ್ಮಾನೆ, ಅಥವಾ ಎರಡೂ. ಕೊಲ್ಲುವೆನು, ಘೋರ ಗಾಯ ಮಾಡುವೆನು, ಆಸ್ತಿಗೆ ಬೆಂಕಿ ಹಚ್ಚಿ ನಾಶಮಾಡುವೆನು, ಹೆಂಗಸಿನ ಶೀಲಕ್ಕೆ ಕಳಂಕ ಹಚ್ಚುವೆನು ಎಂಬಂಥವಾದರೆ ಸೆರೆವಾಸವು ಏಳು ವರ್ಷದವರೆಗೆ ಏರಬಹುದು. ಹೆಸರು ಮರೆಸಿ ಬೆದರಿಸಿದವನಿಗೆ ಇನ್ನೂ ಎರಡು ವರ್ಷದವರೆಗೆ ಹೆಚ್ಚಿನ ಸೆರೆವಾಸ ಉಂಟು. ಹೊಸ ಸಂಹಿತೆಯು “ಯಾವುದೇ ವಿಧಾನದಿಂದ” ಎಂಬ ಮಾತನ್ನು ಸೇರಿಸಿರುವುದರಿಂದ, ಮೊಬೈಲಿನ ಸಂದೇಶದ ಬೆದರಿಕೆಯೂ ಬೆದರಿಕೆಯೇ ಎಂಬುದರಲ್ಲಿ ಸಂಶಯವಿಲ್ಲ.

ಹಾಗೆಂದು ಪ್ರತಿಯೊಂದು ಬಿರುನುಡಿಯೂ ಅಪರಾಧವಲ್ಲ. ಬೆಂಗಳೂರಿನ ಸಂಚಾರಿ ಪೊಲೀಸರ ನಡತೆಯನ್ನು ಫೇಸ್‌ಬುಕ್ಕಿನಲ್ಲಿ ಟೀಕಿಸಿದ ದಂಪತಿಗಳ ಮೇಲೆ ಇದೇ ಆರೋಪ ಬಂದಾಗ, ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಮೊಕದ್ದಮೆಯನ್ನು ರದ್ದುಪಡಿಸಿತು. ದಿಗಿಲು ಹುಟ್ಟಿಸುವ ಉದ್ದೇಶವಿಲ್ಲದ ಬರಿಯ ಮಾತು ಸಾಲದೆಂಬುದು ಆ ತೀರ್ಪಿನ ಸಾರ. ಬಡವನನ್ನು ಕಾಯುವ ಕಲಮೇ ಟೀಕಿಸುವವನ ಬಾಯಿಗೆ ಬೀಗವಾಗಬಾರದಲ್ಲವೆ?

ಒಂದು ತೊಡಕನ್ನೂ ಹೇಳಲೇಬೇಕು. ಕೇಂದ್ರದ ಕಾಯಿದೆಯ ಪಟ್ಟಿಯಂತೆ ಬೆದರಿಕೆಯು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಿಂದ ಬರಿಗೈಯಲ್ಲಿ ಬಂದವರು “ಕಾನೂನೇ ಇಲ್ಲ” ಎಂದುಕೊಳ್ಳುವುದು ಇದರಿಂದಲೇ. ಆದರೆ ದೂರಿನ ಸಾರಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು, ದೂರುದಾರರನ್ನು ಮ್ಯಾಜಿಸ್ಟ್ರೇಟರಲ್ಲಿಗೆ ಕಳುಹಿಸುವುದು ಠಾಣಾಧಿಕಾರಿಯ ಕರ್ತವ್ಯವೆಂದು ನಾಗರಿಕ ಸುರಕ್ಷಾ ಸಂಹಿತೆಯ 174ನೆಯ ಕಲಮು ಹೇಳುತ್ತದೆ. ದೂರುದಾರರು ನೇರವಾಗಿ ಮ್ಯಾಜಿಸ್ಟ್ರೇಟರಿಗೂ ದೂರು ಕೊಡಬಹುದು.

ಆದಕಾರಣ ಬೆದರಿಕೆ ಬಂದಾಗ ಆಡಿದ ಮಾತನ್ನು ಆಡಿದಂತೆಯೇ, ದಿನ, ಹೊತ್ತು, ಕೇಳಿದವರ ಹೆಸರು ಸಹಿತ ಬರೆದಿಡಬೇಕು. ಬರೆಯಲು ಬಾರದವರಿಗೆ ಬರೆದುಕೊಡುವುದು ನಮ್ಮಂತಹ ವಿದ್ಯಾರ್ಥಿಗಳ ಕೆಲಸ. ಕಲಿತ ನಾಲ್ಕು ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವನ್ನು ನಾನು ಕಾಣೆ.