ಫ್ಯಾನ್ ಬೆಲ್ಟು ಹರಿಯುವ ಮುಂಚೆಯೇ ಬದಲಿಸಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮಗೆ ಬಿತ್ತನೆ ಅಂದರೆ ಹದದ ಲೆಕ್ಕ. ಮಸಾರಿ ಹೊಲದಲ್ಲಿ ಮಳೆ ಬಿದ್ದ ಮೇಲೆ ಹದ ಉಳಿಯುವುದು ಎರಡೋ ಮೂರೋ ದಿನ. ಆಗ ಟ್ರ್ಯಾಕ್ಟರು ನಿಂತರೆ ಬೀಜ ಚೀಲದಲ್ಲೇ ಉಳಿಯುತ್ತದೆ. ಎತ್ತು ಕಟ್ಟಿದವರು ಕಡಿಮೆಯಾಗಿದ್ದಾರೆ. ಬಾಡಿಗೆ ಗಾಡಿಗೆ ಊರಿಗೆ ಊರೇ ಕಾದಿರುತ್ತದೆ. ಇಂಥ ಹೊತ್ತಿನಲ್ಲಿ ಗಾಡಿ ನಿಲ್ಲಿಸಲು ದೊಡ್ಡ ರಿಪೇರಿಯೇ ಬರಬೇಕೆಂದಿಲ್ಲ, ಕೆಲವು ನೂರು ರೂಪಾಯಿಯ ಫ್ಯಾನ್ ಬೆಲ್ಟು ಸಾಕು.

ಬೆಲ್ಟಿನ ಕೆಲಸ ಏನು?

ಇಂಜಿನ್ನಿನ ಮುಂದುಗಡೆ ಮೂರು ಪುಲ್ಲಿ ಇರುತ್ತವೆ. ಕೆಳಗಿನದು ಕ್ರ್ಯಾಂಕಿನ ಪುಲ್ಲಿ. ಬೆಲ್ಟನ್ನು ಎಳೆಯುವುದು ಅದೇ. ಮೇಲಿನದು ಫ್ಯಾನು ಮತ್ತು ವಾಟರ್ ಪಂಪಿನದು. ಪಕ್ಕದ್ದು ಬ್ಯಾಟರಿ ಚಾರ್ಜು ಮಾಡುವ ಆಲ್ಟರ್ನೇಟರಿನದು, ನಮ್ಮ ಕಡೆ ಇನ್ನೂ ಡೈನಮೋ ಅಂತಲೇ ಕರೀತಾರೆ. ಬೆಲ್ಟು ಹರಿದರೆ ಚಾರ್ಜು ನಿಲ್ಲುತ್ತದೆ, ಗಾಳಿ ನಿಲ್ಲುತ್ತದೆ, ಇಂಜಿನ್ನಿನೊಳಗೆ ನೀರು ತಿರುಗುವುದೂ ನಿಲ್ಲುತ್ತದೆ. ಚಾರ್ಜಿನ ಕೆಂಪು ದೀಪ ಹತ್ತಿ, ಬಿಸಿಯ ಮುಳ್ಳು ಮೇಲೇರಿದರೆ ಅಲ್ಲೇ ನಿಲ್ಲಿಸಬೇಕು. 'ಇನ್ನೆರಡು ಸಾಲು ಹೊಡೆದು ಬಿಡೋಣ' ಅಂತ ಹೋದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ಡೇ ಸೊಟ್ಟಗಾಗಬಹುದು. ನೂರರಲ್ಲಿ ಮುಗಿಯುವ ಖರ್ಚು ಸಾವಿರಗಟ್ಟಲೆ ಆಗುತ್ತದೆ.

ಭಾರ ಹೊರುವ ಯಾವುದೇ ಭಾಗ ತುಂಡಾಗುವುದು ಭಾರ ಹೆಚ್ಚಿರುವಾಗಲೇ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾದದ್ದು ಅಣೆಕಟ್ಟು ತುಂಬಿ ನಿಂತಾಗ. ಬೆಲ್ಟಿನ ಕತೆಯೂ ಹಂಗೇ. ಸುಮ್ಮನೆ ನಿಂತ ಗಾಡಿಯಲ್ಲಿ ಹರಿಯುವುದು ಅಪರೂಪ.

ಸವೆದದ್ದು ಹೇಗೆ ಗೊತ್ತಾಗುತ್ತದೆ?

ಇಂಜಿನ್ ಆರಿಸಿ, ಬೆಲ್ಟನ್ನು ಸ್ವಲ್ಪ ತಿರುವಿ ಒಳಮೈ ನೋಡಿ. ಅಡ್ಡ ಬಿರುಕುಗಳಿದ್ದರೆ, ಅಂಚಿನಲ್ಲಿ ದಾರ ಎದ್ದಿದ್ದರೆ, ಎರಡೂ ಪಕ್ಕ ಗಾಜಿನಂತೆ ಹೊಳೆಯುತ್ತಿದ್ದರೆ ಅದರ ಕಾಲ ಮುಗಿಯಿತು. ಚಾಲೂ ಮಾಡಿದಾಗ ಕಿರ್ರ್ ಅಂತ ಕೂಗುವುದು ಜಾರುವ ಲಕ್ಷಣ. ಕೂಗು ನಿಲ್ಲಲಿ ಅಂತ ಕೆಲವರು ಸೋಪು, ಗ್ರೀಸು, ರಾಳದ ಪುಡಿ ಹಾಕ್ತಾರೆ. ಗ್ರೀಸು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ರಾಳಕ್ಕೆ ಧೂಳು ಅಂಟುತ್ತದೆ. ಇದ್ಯಾವುದೂ ಔಷಧಿ ಅಲ್ಲ.

ಅಳತೆ ನೋಡಿ ತನ್ನಿ

ಬೆಲ್ಟಿನ ಬೆನ್ನ ಮೇಲೆ ನಂಬರು ಇರುತ್ತದೆ. ಎ-42 ಅಂದರೆ ಎ ಜಾತಿಯ ಬೆಲ್ಟು, ಒಳಸುತ್ತು 42 ಇಂಚು. ಎ ಬೆಲ್ಟಿನ ಮೇಲಗಲ ಸುಮಾರು 13 ಮಿಲಿಮೀಟರ್, ಬಿ ಬೆಲ್ಟಿನದು ಸುಮಾರು 17. ಕಂಪನಿ ಬೆಲ್ಟಿನ ಮೇಲೆ ಬೇರೆ ರೀತಿಯ ನಂಬರೂ ಇರಬಹುದು. ಆದ್ದರಿಂದ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಒಳ್ಳೆಯದು. ಹಳೆಯದು ಎಳೆದು ಸ್ವಲ್ಪ ಉದ್ದವಾಗಿರುತ್ತದೆ ಅನ್ನುವುದು ನೆನಪಿರಲಿ.

ಬದಲಿಸುವ ಕ್ರಮ

1. ಇಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಚಾವಿ ನಿಮ್ಮ ಜೇಬಿನಲ್ಲಿರಲಿ. ಬ್ಯಾಟರಿಯ ಮೈನಸ್ ವೈರು ಬಿಚ್ಚಿ. ಬೆರಳು ಬೆಲ್ಟಿಗೂ ಪುಲ್ಲಿಗೂ ನಡುವೆ ಇರುವಾಗ ಯಾರೂ ಚಾಲೂ ಮಾಡಬಾರದು. ಲುಂಗಿ, ಟವೆಲು ಜೋತು ಬೀಳದಂತೆ ಕಟ್ಟಿಕೊಳ್ಳಿ.

2. ಆಲ್ಟರ್ನೇಟರಿನ ಬುಡದ ಬೋಲ್ಟು ಮತ್ತು ಸೀಳುಪಟ್ಟಿಯ ಬೋಲ್ಟು ಸಡಿಲ ಮಾಡಿ. ಪೂರಾ ಬಿಚ್ಚಬೇಡಿ. ಅದನ್ನು ಇಂಜಿನ್ ಕಡೆ ಒತ್ತಿದರೆ ಬೆಲ್ಟು ಸಡಿಲಾಗುತ್ತದೆ. ಪುಲ್ಲಿಯಿಂದ ಇಳಿಸಿ, ಫ್ಯಾನಿನ ಒಂದೊಂದೇ ರೆಕ್ಕೆ ದಾಟಿಸಿ ತೆಗೆಯಿರಿ.

3. ಹೊಸದನ್ನು ಹಾಕುವ ಮೊದಲು ಪುಲ್ಲಿ ನೋಡಿ. ಈ ಬೆಲ್ಟು ಹಿಡಿಯುವುದು ಎರಡು ಪಕ್ಕಗಳಿಂದ, ತಳದಿಂದ ಅಲ್ಲ. ಪುಲ್ಲಿಯ ಗಾಡಿಯ ತಳ ಹೊಳೆಯುತ್ತಿದ್ದರೆ ಬೆಲ್ಟೋ ಪುಲ್ಲಿಯೋ ಸವೆದು, ಬೆಲ್ಟು ಕೆಳಗೆ ಕೂರುತ್ತಿದೆ ಎಂದರ್ಥ. ಮೂರೂ ಪುಲ್ಲಿ ಒಂದೇ ನೇರದಲ್ಲಿವೆಯೇ ಎಂದು ನೇರವಾದ ಪಟ್ಟಿ ಇಟ್ಟು ನೋಡಿ. ಫ್ಯಾನನ್ನು ಹಿಡಿದು ಅಲುಗಾಡಿಸಿ. ಆಟ ಇದ್ದರೆ ಪಂಪಿನ ಬೇರಿಂಗು ಹೋಗಿದೆ. ಇವನ್ನು ಸರಿಮಾಡದೆ ಹಾಕಿದ ಹೊಸ ಬೆಲ್ಟು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

4. ಹೊಸ ಬೆಲ್ಟನ್ನು ಕೈಯಿಂದಲೇ ಕೂರಿಸಿ. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ದಾರ ತುಂಡಾಗುತ್ತದೆ. ಮೇಲೆ ಏನೂ ಕಾಣುವುದಿಲ್ಲ, ನಾಲ್ಕು ದಿನಕ್ಕೆ ಹರಿಯುತ್ತದೆ.

5. ಆಲ್ಟರ್ನೇಟರನ್ನು ಹೊರಕ್ಕೆ ಎಳೆದು ಬಿಗಿ ಮಾಡಿ. ಕಟ್ಟಿಗೆಯಿಂದ ಒತ್ತುವುದಾದರೆ ಪುಲ್ಲಿ ಇರುವ ಮುಂದಿನ ಗಟ್ಟಿ ಭಾಗಕ್ಕೇ ಒತ್ತಿ. ಅತಿ ಉದ್ದದ ಜಾಗದ ಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಸಡಿಲಾದರೆ ಜಾರಿ ಸುಡುತ್ತದೆ. ತಂತಿಯಂತೆ ಬಿಗಿದರೆ ಪಂಪು, ಆಲ್ಟರ್ನೇಟರಿನ ಬೇರಿಂಗು ತಿನ್ನುತ್ತದೆ.

6. ಬೋಲ್ಟು ಬಿಗಿದು, ಬ್ಯಾಟರಿ ವೈರು ಕೂಡಿಸಿ, ಹತ್ತು ಹದಿನೈದು ನಿಮಿಷ ಓಡಿಸಿ. ಆರಿಸಿ ಮತ್ತೆ ಒತ್ತಿ ನೋಡಿ. ಹೊಸ ಬೆಲ್ಟು ಮೊದಲು ಸ್ವಲ್ಪ ಎಳೆಯುತ್ತದೆ. ಒಂದು ದಿನದ ಕೆಲಸ ಆದ ಮೇಲೆ ಇನ್ನೊಮ್ಮೆ ನೋಡಲೇಬೇಕು.

ಮನೆಯ ಕಾರಿಗೂ, ಒಕ್ಕಣೆ ಯಂತ್ರಕ್ಕೂ

ಹಳೆ ಜೀಪು, ವ್ಯಾನುಗಳಲ್ಲಿ ಇಂಥದೇ ಬೆಲ್ಟು ಇದ್ದರೆ ಕ್ರಮವೂ ಇದೇ. ಈಚಿನ ಕಾರುಗಳಲ್ಲಿ ಗೀರುಗೀರಾದ ಅಗಲ ಬೆಲ್ಟು ಇರುತ್ತದೆ. ಬಹಳ ಗಾಡಿಗಳಲ್ಲಿ ಅದನ್ನು ತಾನೇ ಬಿಗಿಯಾಗಿಡುವ ಸ್ಪ್ರಿಂಗಿನ ಗಾಲಿಯೂ ಇರುತ್ತದೆ. ಬಿಚ್ಚುವ ಮೊದಲು ಬೆಲ್ಟು ಹೋದ ದಾರಿಯನ್ನು ಕಾಗದದಲ್ಲಿ ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ಕೆಲವು ಕಾರುಗಳ ಇಂಜಿನ್ ಒಳಗೆ ಟೈಮಿಂಗ್ ಬೆಲ್ಟು ಅಂತ ಇನ್ನೊಂದಿದೆ. ಅದರಲ್ಲಿ ಒಂದು ಹಲ್ಲು ತಪ್ಪಿದರೂ ತೊಂದರೆ. ಅದನ್ನು ಮೆಕ್ಯಾನಿಕ್ಕಿಗೇ ಬಿಡಬೇಕು.

ಮೆಕ್ಕೆಜೋಳ ಒಕ್ಕುವ ಯಂತ್ರದಲ್ಲಿ ಎರಡು ಮೂರು ಬೆಲ್ಟು ಜೋಡಿಯಾಗಿ ಓಡುವ ಕಡೆ, ಒಂದು ಹರಿದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೆಯವು ಎಳೆದು ಉದ್ದವಾಗಿರುತ್ತವೆ, ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ರೋಹಿಣಿ ಮಳೆ ಬರುವುದರೊಳಗೆ ಗಾಡಿಯ ಆಯಿಲು, ಗಾಳಿ ನೋಡುವ ದಿನವೇ ಬೆಲ್ಟೂ ನೋಡಿಬಿಡಿ. ಇನ್ನೊಂದು ಬೆಲ್ಟು ಮನೆಯಲ್ಲಿರಲಿ. ಅದನ್ನು ಮಡಚಿ ಒತ್ತಿಡದೆ, ಬಿಸಿಲು, ಡೀಸೆಲ್ಲು ತಾಗದಂತೆ ಚೀಲದಲ್ಲಿ ಸಡಿಲಾಗಿ ಇಡಿ. ಜೊತೆಗೆ ಆ ಎರಡು ಬೋಲ್ಟಿನ ಅಳತೆಯ ಪಾನಾ ಗಾಡಿಯ ಪೆಟ್ಟಿಗೆಯಲ್ಲಿರಲಿ. ಹೊಲದ ಬದುವಿನಲ್ಲೇ ಅರ್ಧ ತಾಸಿನಲ್ಲಿ ಮುಗಿಯುವ ಕೆಲಸಕ್ಕೆ ಹದದ ದಿನವನ್ನು ಯಾಕೆ ಕಳೆಯಬೇಕು?