ಅರ್ಧ ತುಂಬಿದ ಚೀಲವನ್ನು ಹೊತ್ತು ನೋಡು

ಪುಟ್ಟಿ,

"ಮಾವ, ಭಾನುವಾರದ ಹಕ್ಕಿ ಶಿಕಾರಿಗೆ ಒಂದು, ಸಂದಕ್‌ಫುಗೆ ಒಂದು, ಎರಡು ಬ್ಯಾಗ್ ತಗೊಂಡುಬಿಡ್ಲಾ?" ಅಂತ ಮೊನ್ನೆ ನೀನು ಕೇಳಿದಾಗ ಬೇಡ ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟೆ. ಮೀನಿನವನು ಬಾಗಿಲಲ್ಲಿ ನಿಂತಿದ್ದ. ಕಲ್ಕತ್ತೆಯಲ್ಲಿ ಮೀನಿನವನನ್ನು ಕಾಯಿಸಿದರೆ ಒಳ್ಳೆಯ ತುಂಡು ಪಕ್ಕದ ಮನೆಗೆ ಹೋಗುತ್ತದೆ. ಈಗ ಪುರುಸೊತ್ತಾಗಿದೆ, ಹೇಳುತ್ತೇನೆ.

ನಿನ್ನ ಬಾಯಲ್ಲಿ ಶಿಕಾರಿ ಅನ್ನುವ ಮಾತು ಕೇಳಿ ನಗು ಬಂತು. ನಿನ್ನ ಅಜ್ಜ, ಅಂದರೆ ನಮ್ಮ ಅಪ್ಪಯ್ಯ, ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ ಕೇಪಿನ ಕೋವಿ ಹಿಡಿದು ಓಡಾಡಿದವರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಕೋವಿ ಗೋಡೆಗೆ ಏರಿತು. ಆದರೆ ಅವರ ಹಸುಬೆ ಚೀಲ ಮಾತ್ರ ಮನೆಯಲ್ಲಿ ಬಹಳ ದಿನ ದುಡಿಯಿತು. ಹಸುಬೆ ನೀನು ನೋಡಿರಲಿಕ್ಕಿಲ್ಲ. ಉದ್ದನೆಯ ಬಟ್ಟೆಯ ಎರಡು ತುದಿಗೂ ಒಂದೊಂದು ಚೀಲ, ಹೆಗಲ ಮೇಲೆ ಹಾಕಿಕೊಂಡರೆ ಒಂದು ಎದೆಗೆ ಬರುತ್ತದೆ, ಇನ್ನೊಂದು ಬೆನ್ನಿಗೆ. ಮುಂದಿನದರಲ್ಲಿ ಮದ್ದು, ಕೇಪು, ಚರೆ. ಹಿಂದಿನದರಲ್ಲಿ ಅವಲಕ್ಕಿ, ಬೆಲ್ಲ, ಎಲೆಯಡಿಕೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಶಿಕಾರಿಗೂ ಅದೇ ಚೀಲ, ಮೂರು ದಿನ ಕಾಡಿನಲ್ಲಿ ಉಳಿಯುವ ಶಿಕಾರಿಗೂ ಅದೇ. ಮೂರು ದಿನಕ್ಕೆ ಹೋಗುವಾಗ ಹೆಚ್ಚಿಗೆ ಒಂದಿಷ್ಟು ಅಕ್ಕಿ, ತಲೆಯ ಮೇಲೊಂದು ಕಂಬಳಿ ಕೊಪ್ಪೆ, ಅಷ್ಟೆ. ಹಂದಿ ಬಿದ್ದರೆ ಅದನ್ನು ಯಾರೂ ಚೀಲಕ್ಕೆ ತುಂಬುತ್ತಿರಲಿಲ್ಲ. ಕಾಲು ಕಟ್ಟಿ, ಅಡ್ಡೆಗೆ ತೂಗುಹಾಕಿ, ಇಬ್ಬರು ಹೆಗಲು ಕೊಡುತ್ತಿದ್ದರು.

ನೀನು ಹಂದಿ ಹೊಡೆಯುವವಳಲ್ಲ. ಕ್ಯಾಮೆರಾದಲ್ಲಿ ಹಿಡಿದ ಬಾತುಕೋಳಿಗೆ ತೂಕವಿಲ್ಲ. ಅಪ್ಪಯ್ಯ ಹಗುರಾಗಿ ಹೋಗಿ ಭಾರವಾಗಿ ಬರುತ್ತಿದ್ದರು, ನೀನು ಭಾರವಾಗಿ ಹೋಗಿ ಹಗುರಾಗಿ ಬರುತ್ತೀಯ. ಹಾಗಾಗಿ ನಿನ್ನ ಚೀಲದ ಕಷ್ಟವೆಲ್ಲ ಮೊದಲ ದಿನದ್ದು, ಏರು ದಾರಿಯದ್ದು.

ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಬ್ಯಾಂಕಿನ ವರ್ಗಾವಣೆಯಲ್ಲಿ ಈ ಊರಿಗೆ ಬಂದ ಕೆಲವು ವರ್ಷಕ್ಕೆ ಆಫೀಸಿನ ಬಂಗಾಳಿ ಗೆಳೆಯರ ಜೊತೆ ಸಂದಕ್‌ಫು ಚಾರಣಕ್ಕೆ ಹೊರಟೆ. ಇಲ್ಲಿಯವರಿಗೆ ತಿರುಗಾಟವೆಂದರೆ 'ದೀ-ಪು-ದಾ': ದೀಘಾ, ಪುರಿ, ದಾರ್ಜಿಲಿಂಗ್. ಅದರಾಚೆ ಕಾಲಿಡುವವರು ಮಾತ್ರ ಅಸಾಧ್ಯ ಹುಚ್ಚರು. 1960ರಲ್ಲೇ ನಂದಾಘುಂಟಿ ಶಿಖರಕ್ಕೆ ತಂಡ ಕಟ್ಟಿಕೊಂಡು ಹೋದ ಊರು ಇದು. ನಾನು ಒಂದು ಅಂಗಡಿಗೆ ಹೋಗಿ "ಎಲ್ಲಕ್ಕಿಂತ ದೊಡ್ಡದು ಕೊಡಿ" ಅಂದೆ. ಕೊಟ್ಟ, ಎಂಬತ್ತು ಲೀಟರಿನದು. ದೊಡ್ಡ ಚೀಲದ ಗುಣ ನಿನಗೆ ಗೊತ್ತಿರಲಿ, ಅದು ಖಾಲಿ ಇರಲಾರದು. ಜಾಗ ಇದೆ ಅಂತ ಇನ್ನೊಂದು ಸ್ವೆಟರ್, ಜಾಗ ಇದೆ ಅಂತ ಬೇರೆಯವರ ಮಂಡಕ್ಕಿ ಡಬ್ಬಿ, ಕೊನೆಗೆ ಜಾಗ ಇದೆಯಲ್ಲ ಅಂತ ಒಬ್ಬ ಮಹಾಶಯನ ಪ್ರೆಶರ್ ಕುಕ್ಕರೂ ನನ್ನ ಬೆನ್ನಿಗೇ ಬಂತು. ಸೊಂಟದ ಪಟ್ಟಿ ಇತ್ತು, ಇತ್ತು ಅನ್ನಲಿಕ್ಕೆ ಮಾತ್ರ. ಬರೀ ಲಾಡಿ. ಫಾಲುಟ್‌ನಿಂದ ಗೊರ್ಖೆಗೆ ಇಳಿಯುವ ಹೊತ್ತಿಗೆ ಎರಡೂ ತೋಳು ಜೋಮು ಹಿಡಿದು, ಚಹಾ ಲೋಟ ಎತ್ತಲಿಕ್ಕೂ ಬೆರಳು ಬಗ್ಗಲಿಲ್ಲ.

ಆವತ್ತಿನಿಂದ ಒಂದು ಮಾತು ಹಿಡಿದುಕೊಂಡಿದ್ದೇನೆ. ಲೀಟರು ನೋಡಿ ಚೀಲ ಕೊಳ್ಳಬಾರದು, ಬೆನ್ನು ನೋಡಿ ಕೊಳ್ಳಬೇಕು. ಮತ್ತು ಅರ್ಧ ತುಂಬಿದಾಗ ಚೀಲ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೇ ಅದರ ನಿಜವಾದ ಪರೀಕ್ಷೆ. ತುಂಬಿದ ಚೀಲ ಯಾವುದಾದರೂ ನೆಟ್ಟಗೆ ನಿಲ್ಲುತ್ತದೆ. ಅರ್ಧ ತುಂಬಿದ್ದು ಕೆಳಗೆ ಜೋತು ಬಿದ್ದು, ನಡೆದಾಗೆಲ್ಲ ಎಮ್ಮೆಯ ಕೆಚ್ಚಲಿನ ಹಾಗೆ ಅತ್ತಿತ್ತ ಹೊಯ್ದಾಡಿದರೆ ಅದು ಒಂದು ದಿನದ ಕೆಲಸಕ್ಕೆ ಬಾರದು. ಎರಡೂ ಬದಿಯಲ್ಲಿ ಬಿಗಿಯುವ ಪಟ್ಟಿಗಳಿರಬೇಕು, ಎಳೆದರೆ ನಲವತ್ತೈದು ಲೀಟರಿನದು ಇಪ್ಪತ್ತೈದರದ್ದಾಗಿ ಬೆನ್ನಿಗೆ ಅಂಟಿಕೊಳ್ಳಬೇಕು. ಮೇಲಿನ ಮುಚ್ಚಳ ಬಿಚ್ಚಿಡಲು ಬಂದರೆ ಇನ್ನೂ ಒಳ್ಳೆಯದು. ದೊಡ್ಡದನ್ನು ಕುಗ್ಗಿಸಬಹುದು, ಸಣ್ಣದನ್ನು ಹಿಗ್ಗಿಸಲು ಹೋಗಿ ನಿನ್ನ ಗೆಳತಿಯರು ಚೀಲದ ಹೊರಗೆಲ್ಲ ಚಪ್ಪಲಿ, ಬಾಟಲಿ, ಛತ್ರಿ ನೇತುಹಾಕಿಕೊಂಡು ಸಂತೆಗೆ ಹೊರಟವರಂತೆ ಕಾಣುತ್ತಾರೆ.

ಹಾಗಾಗಿ ಎರಡು ಚೀಲ ಬೇಡ, ನಲವತ್ತೈದು ಲೀಟರಿನದು ಒಂದೇ ಸಾಕು. ನಲವತ್ತೈದೇ ಯಾಕೆ? ಸಂದಕ್‌ಫುಗೆ ಹೋಗುವ ಸಿಂಗಲೀಲಾ ದಾರಿಯಲ್ಲಿ ತುಮ್ಲಿಂಗ್, ಕಾಲಾಪೋಖ್ರಿ, ಸಂದಕ್‌ಫು ಎಲ್ಲ ಕಡೆ ಮಲಗಲು ಮನೆ, ಹೊದೆಯಲು ರಜಾಯಿ, ತಿನ್ನಲು ಬಿಸಿ ಅನ್ನ ಸಿಗುತ್ತದೆ. ಡೇರೆ ಬೇಡ, ಒಲೆ ಬೇಡ. ಲೆಕ್ಕ ಹಾಕು: ಚೀಲದ್ದೇ ಒಂದೂವರೆ ಕಿಲೋ, ನಿನ್ನ ಕ್ಯಾಮೆರಾ ಮತ್ತು ಆ ಉದ್ದ ಲೆನ್ಸು ಸೇರಿ ಮೂರು, ಬಟ್ಟೆ ಎರಡೂವರೆ, ನೀರು ಎರಡು, ಚಿಲ್ಲರೆ ಸಾಮಾನು ಒಂದು. ಹತ್ತು ಕಿಲೋ ಆಯಿತು. ಮೈತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದು ಅಂತ ನಡೆಯುವವರ ಲೆಕ್ಕ. ನೀನು ಐವತ್ತೈದು ಕಿಲೋ ಇದ್ದೀಯ ಅಂತ ನಿಮ್ಮಮ್ಮ ಹೇಳಿದಳು (ಸಾಲದು ಅಂತಲೂ ಹೇಳಿದಳು). ಹನ್ನೊಂದು ನಿನ್ನ ಮಿತಿ. ಅರವತ್ತೈದು ಲೀಟರಿನ ಚೀಲ ತಂದರೆ ನೀನು ಹದಿನೈದು ಕಿಲೋ ತುಂಬುತ್ತೀಯ, ನನಗೆ ಗೊತ್ತು.

ಇನ್ನು ಅಳತೆ. ಚೀಲಕ್ಕೆ ನಿನ್ನ ಎತ್ತರ ಮುಖ್ಯವಲ್ಲ, ಬೆನ್ನಿನ ಉದ್ದ ಮುಖ್ಯ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಎಲುಬು ಎದ್ದು ಕಾಣುತ್ತದಲ್ಲ, ಅಲ್ಲಿಂದ ಶುರು. ಸೊಂಟದ ಎರಡೂ ಕಡೆಯ ಮೂಳೆಯ ಮೇಲೆ ಕೈಯಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚು, ಅವೆರಡನ್ನು ಜೋಡಿಸುವ ಗೆರೆಗೆ ಮುಗಿಯಿತು. ದರ್ಜಿಯ ಟೇಪನ್ನು ಬೆನ್ನಿನ ಬಾಗಿಗೆ ತಾಗಿಸಿಕೊಂಡೇ ಅಳೆಯಬೇಕು. ನಿನ್ನಷ್ಟೇ ಎತ್ತರದ ಹುಡುಗನ ಬೆನ್ನು ನಿನಗಿಂತ ಎರಡು ಇಂಚು ಉದ್ದ ಇರಬಹುದು. ಅವನ ಚೀಲ ಚೆನ್ನಾಗಿದೆ ಅಂತ ಅದನ್ನೇ ತಂದರೆ ಸೊಂಟಪಟ್ಟಿ ತೊಡೆಗೆ ಇಳಿಯುತ್ತದೆ, ಭಾರವೆಲ್ಲ ಹೆಗಲಿಗೆ ಏರುತ್ತದೆ. ಹೆಂಗಸರಿಗೆಂದೇ ಹೊಲಿದವುಗಳಲ್ಲಿ ಹೆಗಲ ಪಟ್ಟಿ ಎದೆಯನ್ನು ಬಳಸಿಕೊಂಡು ಬಾಗಿರುತ್ತದೆ, ಸೊಂಟಪಟ್ಟಿಯ ಓರೆ ಬೇರೆ ಇರುತ್ತದೆ. ಬರೀ ಗುಲಾಬಿ ಬಣ್ಣ ಬಳಿದು 'ಲೇಡೀಸ್' ಎಂದು ಮಾರುವುದೂ ಉಂಟು. ಹೊತ್ತು ನೋಡಿದರೆ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ.

ಹೊರುವಾಗ ಎಲ್ಲ ಪಟ್ಟಿ ಸಡಿಲ ಮಾಡು. ಮೊದಲು ಸೊಂಟಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಬಿಗಿ. ಆಮೇಲೆ ಹೆಗಲು, ಆಮೇಲೆ ಹೆಗಲ ಮೇಲಿನ ಪುಟ್ಟ ಪಟ್ಟಿ, ಕೊನೆಗೆ ಎದೆಯದು. ಭಾರದ ಹೆಚ್ಚಿನ ಪಾಲು ಸೊಂಟಕ್ಕೆ ಬಂತೋ ಇಲ್ಲವೋ ನೋಡು. ಬರದಿದ್ದರೆ ಅಂಗಡಿಯವನ ಮಾತಿಗೆ ಮರುಳಾಗಬೇಡ, ಚೀಲವನ್ನು ಅಲ್ಲೇ ಬಿಟ್ಟು ಬಾ.

ಬೆನ್ನಿನ ಆಕಾರಕ್ಕೆ ಚೌಕಟ್ಟು ಕೊಡುವ ಯೋಚನೆ ಹುಟ್ಟಿದ್ದೂ ಶಿಕಾರಿಯಲ್ಲೇ. ನಾರ್ವೆಯ ಒಲೆ ಬೆರ್ಗಾನ್ 1908ರಲ್ಲಿ ಬೇಟೆಗೆ ಹೋಗಿದ್ದಾಗ ಚೀಲ ಜೋತು ಬಿದ್ದು ಬೆನ್ನು ನೋವಾಗಿ, ಜುನಿಪರ್ ರೆಂಬೆಯೊಂದನ್ನು ಬೆನ್ನಿಗೆ ಒಗ್ಗುವ ಹಾಗೆ ಬಾಗಿಸಿ ಕಟ್ಟಿಕೊಂಡನಂತೆ. ಮರುವರ್ಷ ಪೇಟೆಂಟ್ ಪಡೆದ. ಈಗಲೂ ಅಮೆರಿಕದ ಬೇಟೆಗಾರರ ಚೀಲಗಳಲ್ಲಿ ಚೌಕಟ್ಟಿಗೂ ಚೀಲಕ್ಕೂ ನಡುವೆ ಮಾಂಸ ಕಟ್ಟಿ ತರಲು ಒಂದು ಸಂದಿ ಬಿಟ್ಟಿರುತ್ತಾರೆ. ನಮ್ಮ ಅಪ್ಪಯ್ಯನ ಅಡ್ಡೆಯ ಬುದ್ಧಿಯೇ ಅದು, ಭಾರದ್ದಕ್ಕೆ ಬೇರೆ ಜಾಗ. ಅಷ್ಟು ದುಬಾರಿಯದ್ದು ನಿನಗೆ ಬೇಕಿಲ್ಲ. ಆದರೆ ಮುಂಭಾಗದಲ್ಲಿ ಹಿಗ್ಗುವ ಒಂದು ಜೇಬಿದ್ದರೆ ಒದ್ದೆ ರೇನ್‌ಕೋಟನ್ನು ಅದಕ್ಕೆ ತುರುಕಬಹುದು, ಟ್ರೈಪಾಡನ್ನು ಬದಿಯ ಪಟ್ಟಿಗೆ ಸಿಕ್ಕಿಸಬಹುದು.

ಕ್ಯಾಮೆರಾ ಬ್ಯಾಗ್ ಅಂತಲೇ ಮಾರುವುದನ್ನು ಕೊಳ್ಳಬೇಡ. ಒಳಗೆಲ್ಲ ಸ್ಪಂಜಿನ ಗೂಡು, ಅರ್ಧ ತೂಕ ಅದರದ್ದೇ, ಬಟ್ಟೆಗೆ ಜಾಗವಿಲ್ಲ, ಜೊತೆಗೆ ಕಳ್ಳನಿಗೆ ಇದರಲ್ಲಿ ಏನಿದೆ ಅಂತ ದೂರದಿಂದಲೇ ಹೇಳುತ್ತದೆ. ನಡೆಯುವ ಚೀಲವನ್ನೇ ಕೊಂಡು, ಕ್ಯಾಮೆರಾಕ್ಕೆ ಸಣ್ಣದೊಂದು ಮೆತ್ತನೆಯ ಪೆಟ್ಟಿಗೆ ಒಳಗಿಡು, ಬೆನ್ನಿಗೆ ಒತ್ತಿಕೊಂಡು, ನಡು ಎತ್ತರದಲ್ಲಿ. ಭಾರದ್ದು ಬೆನ್ನಿನಿಂದ ದೂರ ಹೋದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಬದಿಯಲ್ಲೋ ಮುಂದೆಯೋ ಒಂದು ಜಿಪ್ಪಿದ್ದರೆ ನೀವು ಹಕ್ಕಿ ನೋಡಲು ಹೋಗುವ ಪೂರ್ಬಸ್ಥಲಿಯ ದೋಣಿಯಲ್ಲಿ ಚೀಲ ಪೂರ್ತಿ ಬಗೆಯದೆ ಕ್ಯಾಮೆರಾ ತೆಗೆಯಬಹುದು. ಕೆಂಪು ತಲೆಯ ದೊಡ್ಡ ಬಾತುಗಳು ನೀನು ಬಕಲ್ ಬಿಚ್ಚಿ ಮುಗಿಸುವವರೆಗೆ ಕಾದು ಕೂರುವುದಿಲ್ಲ. ಕಲ್ಕತ್ತೆಯ ಬ್ಯಾರಿಸ್ಟರ್ ಕುಮುದನಾಥ ಚೌಧುರಿ 1918ರಲ್ಲಿ ಝೀಲು (ಜೌಗಿನ ಕೆರೆ) ಮತ್ತು ಕಾಡುಗಳ ಬೇಟೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ಆ ಕಾಲದಲ್ಲಿ ಬಂಗಾಳದ ಝೀಲುಗಳಿಗೆ ಜನ ಕೋವಿ ಹಿಡಿದು ಹೋಗುತ್ತಿದ್ದರು, ಈಗ ನೀವು ಹೋಗುತ್ತೀರಿ. ಹಕ್ಕಿಗಳಿಗೆ ವ್ಯತ್ಯಾಸ ತಿಳಿದಿದೆಯೋ ಇಲ್ಲವೋ, ಹಾರುವುದಂತೂ ಹಾಗೆಯೇ ಹಾರುತ್ತವೆ.

ಪೂರ್ಬಸ್ಥಲಿಗೆ ಹೌರಾದಿಂದ ಕಟ್ವಾ ಲೋಕಲ್. ಆ ಗಾಡಿ ಹತ್ತಿದರೆ ಚೀಲಕ್ಕೆ ಇನ್ನೊಂದು ಪರೀಕ್ಷೆ. ಹೆಗಲಿಗಿಂತ ಅಗಲವಾದ ಚೀಲ ಬೆನ್ನ ಮೇಲಿದ್ದರೆ "ದೀದಿ, ಬ್ಯಾಗ್‌ಟಾ ನಾಮಾನ್!" ಅಂತ ನಾಲ್ಕು ಕಡೆಯಿಂದ ಬೈಗುಳ ಶುರುವಾಗುತ್ತದೆ. ಅವರು ಹೇಳುವುದು ಸರಿಯೇ. ಚೀಲ ಕಿರಿದಾಗಿ, ಎತ್ತರಕ್ಕೆ ಇರಲಿ. ನೇತಾಡುವ ಪಟ್ಟಿಗಳ ತುದಿ ಸುತ್ತಿಟ್ಟುಕೋ, ಜನರ ಬಳೆಗೆ, ಬುಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಕಾಡಿನ ಮುಳ್ಳಿಗೂ ಅಷ್ಟೆ.

ಬಣ್ಣದ ವಿಷಯ. ಮಿಲಿಟರಿ ಛಾಪಿನ ಚೀಲ ಹಕ್ಕಿಗೆ ಕಾಣಿಸುವುದಿಲ್ಲ ಅಂತ ನೀನು ಹೇಳಿದೆ. ಸಿಂಗಲೀಲಾ ದಾರಿ ನೇಪಾಳದ ಗಡಿಯಲ್ಲೇ ಸಾಗುತ್ತದೆ, ಸಶಸ್ತ್ರ ಸೀಮಾ ಬಲದವರ ಚೌಕಿಗಳಿವೆ. ಅವರಿಗೆ ಮಾತ್ರ ಚೆನ್ನಾಗಿ ಕಾಣಿಸುತ್ತದೆ. ಬೂದು, ಎಲೆಹಸಿರು, ಮಣ್ಣಿನ ಬಣ್ಣ ಸಾಕು. ಗುರುತಿನ ಚೀಟಿ ಮೇಲಿನ ಜೇಬಿನಲ್ಲಿರಲಿ. ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಸಿಂಗಲೀಲಾ ಕಾಡು ಮುಚ್ಚಿರುತ್ತದೆ, ಟಿಕೆಟ್ ಮಾಡುವ ಮುಂಚೆ ನೆನಪಿಟ್ಟುಕೋ. ಪುರುಲಿಯಾದ ಅಯೋಧ್ಯಾ ಬೆಟ್ಟಕ್ಕೆ ಒಂದು ದಿನದ ನಡಿಗೆಗೆ ಹೋಗುವುದಾದರೆ ಬುದ್ಧ ಪೂರ್ಣಿಮೆಯ ಸುತ್ತಮುತ್ತ ಬೇಡ. ಅಲ್ಲಿನ ಬುಡಕಟ್ಟಿನವರ ಶಿಕಾರ್ ಉತ್ಸವದ ಹೊತ್ತು ಅದು. ಪ್ರಾಣಿಗಳನ್ನು ಕೊಲ್ಲುವುದನ್ನು ತಡೆಯಿರಿ ಅಂತ ಕಲ್ಕತ್ತಾ ಹೈಕೋರ್ಟು ಆದೇಶ ಕೊಟ್ಟಿದೆ. ಆ ಜಗಳದ ನಡುವೆ ಕ್ಯಾಮೆರಾ ಹಿಡಿದು ನಿಲ್ಲುವುದು ಚೆನ್ನಲ್ಲ.

ಈ ಊರಿನ ಹವೆಗೆ ಚೀಲ ಹಾಳಾಗುವ ಬಗೆಯೇ ಬೇರೆ. ಬಟ್ಟೆ ಹರಿಯುವ ಮೊದಲೇ ಒಳಗಿನ ನೀರು ತಡೆಯುವ ಲೇಪ ಸಾಯುತ್ತದೆ. ಪಾಲಿಯುರೆಥೇನ್ ಅನ್ನುವ ಆ ಲೇಪ ತೇವ ಕುಡಿದು ಕುಡಿದು ಅಂಟಂಟಾಗಿ, ಹಳೆಯ ಗೋಡೆಯ ಸುಣ್ಣದ ಹಾಗೆ ಹಕ್ಕಳೆ ಏಳುತ್ತದೆ. ಇಲ್ಲಿಯವರು 'ಭ್ಯಾಪ್ಸಾ ಗೊರಮ್' ಅನ್ನುವ ಆ ಬೆವರಿಳಿಸುವ ಧಗೆಯಲ್ಲಿ, ಮಂಚದ ಕೆಳಗೆ ಮಡಚಿಟ್ಟ ಚೀಲಕ್ಕೆ ಕೆಲವು ಮಳೆಗಾಲವೂ ಹೆಚ್ಚು. ಬಂದ ದಿನವೇ ಜಿಪ್ಪೆಲ್ಲ ತೆರೆದು, ತಲೆಕೆಳಗಾಗಿ ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಕಡೆ ತೂಗುಹಾಕು. ವಾಷಿಂಗ್ ಮಷೀನಿಗೆ ಹಾಕಲೇಬೇಡ. ಲೆನ್ಸನ್ನು ಚೀಲದಲ್ಲೇ ಬಿಡಬೇಡ, ಬೂಷ್ಟು ಹಿಡಿಯುತ್ತದೆ. ಮಳೆಗೆ ಮೇಲುಹೊದಿಕೆಯನ್ನು ಪೂರ್ತಿ ನಂಬಬೇಡ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಒಳಗೆ ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಸಾಮಾನಿಟ್ಟು ಬಾಯಿ ತಿರುಚಿಬಿಡು. ಜಿಪ್ಪು ದಪ್ಪ ಹಲ್ಲಿನದಿರಲಿ. ಹೊಲಿಗೆ ಬಿಟ್ಟರೆ ನಮ್ಮ ಬೀದಿಯ ಮೂಲೆಯ ಮುಚಿ ಚಪ್ಪಲಿಯ ದಾರದಲ್ಲೇ ಹೊಲಿದು ಕೊಡುತ್ತಾನೆ, ಮುರಿದ ಬಕಲ್ಲಿಗೆ ಮಾತ್ರ ಅವನಲ್ಲಿ ಮದ್ದಿಲ್ಲ. ಒಂದು ಹೆಚ್ಚಿನದನ್ನು ಇಟ್ಟುಕೊಂಡಿರು.

ಸಂದಕ್‌ಫು ದಾರಿ ಶುರುವಾಗುವ ಮಾನೆಭಂಜಂಗ್‌ನಲ್ಲಿ ಹೊರುವವರು ಸಿಗುತ್ತಾರೆ. ಹಣೆಗೆ ನಾಮ್ಲೋ ಪಟ್ಟಿ, ಬೆನ್ನಿಗೆ ಡೋಕೋ ಬುಟ್ಟಿ. 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನೇಪಾಳದ ನಾಮ್ಚೆ ದಾರಿಯ ಹಮಾಲರನ್ನು ತೂಗಿ ನೋಡಿತ್ತು: ಗಂಡಸರು ಸರಾಸರಿ ತಮ್ಮ ಮೈತೂಕದ ಶೇ. 93ರಷ್ಟು, ಹೆಂಗಸರು ಶೇ. 66ರಷ್ಟು ಹೊರುತ್ತಿದ್ದರು. ಅವರು ಹೊರುತ್ತಾರೆ ಅಂತ ನೀನು ಹೊರಿಸಬೇಡ. ಮೊಣಕಾಲು ನೋವಾದರೆ ಕೇಳು, ಅವರು ಹೇಳಿದ ಕೂಲಿ ಕೊಡು, ಚೌಕಾಸಿಯನ್ನು ಗಡಿಯಾಹಾಟಿನ ಸೀರೆ ಅಂಗಡಿಗೆ ಉಳಿಸಿಕೋ.

ಚೀಲ ತಂದಮೇಲೆ ಬೆಲೆಚೀಟಿ ಕೀಳದೆ ಭಾನುವಾರ ಬೆಳಿಗ್ಗೆ ಇಲ್ಲಿಗೆ ಬಾ. ಎಂಟು ಕಿಲೋ ಅಕ್ಕಿ ತಂದಿಟ್ಟಿರುತ್ತೇನೆ. ಮೊದಲು ನಾಲ್ಕು ಕಿಲೋ ತುಂಬಿ ಪಟ್ಟಿ ಬಿಗಿದು ರವೀಂದ್ರ ಸರೋವರಕ್ಕೆ ಒಂದು ಸುತ್ತು, ಆಮೇಲೆ ಎಂಟೂ ತುಂಬಿ ನಮ್ಮ ಮನೆಯ ಮೂರು ಮಹಡಿಯ ಮೆಟ್ಟಿಲು ಐದು ಸಲ. ಬೆಳಗಿನ ವಾಕಿಂಗಿನ ದಾದಾಗಳು ಎಲ್ಲಿಗೆ ಹೊರಟಿರಿ ಅಂತ ಕೇಳೇ ಕೇಳುತ್ತಾರೆ, ಎವರೆಸ್ಟಿಗೆ ಅಂದುಬಿಡೋಣ. ಹೆಗಲಲ್ಲಿ ಕೆಂಪು ಗೆರೆ ಮೂಡಿದರೆ ಸೋಮವಾರವೇ ವಾಪಸು ಕೊಟ್ಟು ಬಾ. ಮೂಡದಿದ್ದರೆ ಊಟ ಮಾಡಿಕೊಂಡು ಹೊರಡು. ಅಕ್ಕಿ ಮಾತ್ರ ಇಲ್ಲೇ ಬಿಟ್ಟು ಹೋಗು, ಅದು ನಮ್ಮ ಮನೆಯ ತಿಂಗಳ ಅಕ್ಕಿ.