ಸೈನಿಕರ ಮನೆಯ ಮಕ್ಕಳು ಮತ್ತು ಮನಸ್ಸಿನ ಆರೋಗ್ಯ

ನನ್ನ ತರಗತಿಯ ಗೆಳೆಯನೊಬ್ಬನ ತಂದೆ ಸೈನ್ಯದಲ್ಲಿದ್ದಾರೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ರಾತ್ರಿ ತಂದೆಯ ಫೋನ್ ಬಂದರೆ ಅವನ ಉತ್ತರ ಒಂದೇ: "ಎಲ್ಲಾ ಚಲೋ ಅದ, ಅಪ್ಪ." ಟೆಸ್ಟ್‌ನಲ್ಲಿ ಫೇಲಾದ ದಿನವೂ ಅದೇ ಮಾತು, ತಾಯಿಗೆ ಜ್ವರ ಬಂದ ದಿನವೂ ಅದೇ ಮಾತು. ಯಾಕೆಂದು ಕೇಳಿದೆ. "ಅವರು ಗಡಿಯಾಗ ಇರ್ತಾರ, ಮನಿ ಚಿಂತಿ ಅವರಿಗ್ಯಾಕ?" ಎಂದ. ತಂದೆಯೂ ಆ ಕಡೆಯಿಂದ ಅದನ್ನೇ ಹೇಳುತ್ತಾರಂತೆ. ಪ್ರೀತಿಯಿಂದ ಹುಟ್ಟಿದ ಈ ಮೌನ ಮನಸ್ಸಿಗೆ ಏನು ಮಾಡುತ್ತದೆ ಎಂಬುದೇ ಈ ಲೇಖನದ ವಿಷಯ.

ಅಗಲಿಕೆಯ ಹಂತಗಳು

ಸೈನಿಕರ ಕುಟುಂಬಗಳ ಮನಸ್ಥಿತಿಯನ್ನು 1987ರಲ್ಲಿ ಅಮೆರಿಕದ ಕ್ಯಾಥ್ಲೀನ್ ವೆಸ್ಟಲ್ ಲೋಗನ್ ಏಳು ಹಂತಗಳಲ್ಲಿ ವಿವರಿಸಿದರು. ನಾವು ಅದನ್ನು ಸರಳವಾಗಿ ಮೂರು ಕಾಲಗಳೆಂದು ತಿಳಿಯಬಹುದು.

1. ಹೊರಡುವ ಮೊದಲು: ರಜೆ ಮುಗಿಯುವ ದಿನ ಹತ್ತಿರವಾದಂತೆ ಮನೆಯಲ್ಲಿ ಸಿಡುಕು, ಸಣ್ಣ ಜಗಳ ಹೆಚ್ಚುತ್ತವೆ.
2. ದೂರವಿರುವಾಗ: ರೇಷನ್, ಬ್ಯಾಂಕು, ಆಸ್ಪತ್ರೆ ಎಲ್ಲವೂ ದೊಡ್ಡ ಮಗ ಅಥವಾ ಮಗಳ ಮೇಲೆ ಬೀಳುತ್ತದೆ. ಇದರಿಂದ ಜವಾಬ್ದಾರಿ ಬರುತ್ತದೆ, ದಣಿವೂ ಬರುತ್ತದೆ.
3. ಮರಳಿ ಬಂದಾಗ: ಎಲ್ಲವೂ ಸರಿಯಾಯಿತು ಎಂದುಕೊಳ್ಳುತ್ತೇವೆ. ಆದರೆ ಅಲ್ಲಿಯವರೆಗೆ ಮನೆ ನಡೆಸಿದ ಮಗನಿಗೆ ಈಗ ಪ್ರತಿಯೊಂದಕ್ಕೂ ಅಪ್ಪನನ್ನು ಕೇಳಬೇಕು. ಇಬ್ಬರಿಗೂ ಹೊಂದಿಕೊಳ್ಳಲು ಸಮಯ ಬೇಕು.

ಕಾಯುವುದರ ಭಾರ

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹಿಮದಡಿ ಸಿಲುಕಿದರು. ಅವರಲ್ಲಿ ಮೂವರು ಕರ್ನಾಟಕದವರು. ಬದುಕಿರುವ ಆಸೆ ಇಲ್ಲ ಎಂಬ ಸುದ್ದಿ ಮೊದಲು ಬಂತು. ಫೆಬ್ರುವರಿ 8ರಂದು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಒಂದೇ ವಾರದಲ್ಲಿ ದುಃಖ, ಆಸೆ, ಮತ್ತೆ ದುಃಖ. ನಾವು ಟಿವಿಯಲ್ಲಿ ನೋಡಿದ್ದನ್ನು ಆ ಮನೆಯವರು ಅನುಭವಿಸಿದರು.

ಇದ್ದಾರೋ ಇಲ್ಲವೋ ತಿಳಿಯದ ಇಂಥ ಸ್ಥಿತಿಗೆ ಮನಶ್ಶಾಸ್ತ್ರದಲ್ಲಿ ಹೆಸರಿದೆ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿದ ಪಾಲಿನ್ ಬಾಸ್ ಇದನ್ನು 'ಅಸ್ಪಷ್ಟ ನಷ್ಟ' ಎಂಬ ಅರ್ಥದ ಪದದಿಂದ ಕರೆದರು.

ಸಬರ್ ಎಂದರೆ ಸುಮ್ಮನಿರುವುದಲ್ಲ

ನಮ್ಮ ಮನೆಗಳಲ್ಲಿ ದುಃಖದಲ್ಲಿರುವವರಿಗೆ "ಸಬರ್ ಮಾಡು" ಎನ್ನುತ್ತಾರೆ. ಆದರೆ ಹಜರತ್ ಯಾಕೂಬ್ ಅಲೈಹಿಸ್ಸಲಾಮ್ ಅವರನ್ನು ನೆನೆಯಿರಿ. ಮಗ ಯೂಸುಫರ ಅಗಲಿಕೆಯಲ್ಲಿ ಅವರ ಕಣ್ಣುಗಳೇ ಬಿಳುಪಾದವು ಎಂದು ಕುರ್‌ಆನ್ ಹೇಳುತ್ತದೆ. ಆದರೂ ಸಬರ್‌ಗೆ ನಾವು ಅವರದೇ ಉದಾಹರಣೆ ಕೊಡುತ್ತೇವೆ. ದುಃಖ ತೋಡಿಕೊಳ್ಳುವುದು ಧೈರ್ಯಗೇಡಿತನವಲ್ಲ. ಅಕೌಂಟೆನ್ಸಿಯಲ್ಲೂ ಎಂಟ್ರಿ ಹಾಕದ ಮಾತ್ರಕ್ಕೆ ಖರ್ಚು ಇಲ್ಲವಾಗುವುದಿಲ್ಲ.

ಗಮನಿಸಬೇಕಾದ ಲಕ್ಷಣಗಳು

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಕಾರಣವಿಲ್ಲದ ಸಿಟ್ಟು, ಮೇಲಿಂದ ಮೇಲೆ ತಲೆನೋವು, ಗೆಳೆಯರಿಂದ ದೂರ ಸರಿಯುವುದು, ಓದಿನಲ್ಲಿ ಮನಸ್ಸಿಲ್ಲದಿರುವುದು. ಇವು ಎರಡು ವಾರ ಮುಂದುವರಿದರೆ ಸಹಾಯ ಬೇಕು. ಬದುಕು ಬೇಡ ಎಂಬ ಮಾತು ಬಂದರೆ ಎರಡು ವಾರ ಕಾಯಬಾರದು. ಅವರನ್ನು ಒಂಟಿಯಾಗಿ ಬಿಡದೆ, ಆಗಲೇ ಹಿರಿಯರಿಗೆ ತಿಳಿಸಬೇಕು.

ನಾವೇನು ಮಾಡಬಹುದು?

"ನೀನು ಸೈನಿಕನ ಮಗ, ಅಳಬಾರದು" ಎನ್ನುವುದನ್ನು ಬಿಡೋಣ. "ರಾತ್ರಿ ನಿದ್ದಿ ಬಂತಾ?" ಎಂದು ಕೇಳೋಣ. ನಂಬಿಕೆಯ ಉಪನ್ಯಾಸಕರಿಗೆ ಹೇಳೋಣ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಾನಸಿಕ ಚಿಕಿತ್ಸೆ ದೊಡ್ಡ ಊರಿನವರಿಗೆ ಮಾತ್ರ ಎಂದುಕೊಳ್ಳಬೇಡಿ. ಇಂದು ದೇಶದಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು, 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಭಾಗದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ.

ತಿಂಥಣಿ, ಸುರಪುರದ ಕಡೆಯಿಂದ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋದವರ ಮಕ್ಕಳೂ ಫೋನ್‌ನಲ್ಲಿ "ಎಲ್ಲಾ ಚಲೋ ಅದ" ಎನ್ನುತ್ತಾರೆ. ಈ ಪಾಠ ಅವರಿಗೂ ಸಲ್ಲುತ್ತದೆ.

ಕಳೆದ ವಾರ ನನ್ನ ಗೆಳೆಯ ತನ್ನ ಅಕೌಂಟೆನ್ಸಿ ಅಂಕವನ್ನು ತಂದೆಗೆ ಇದ್ದಂತೆ ಹೇಳಿದ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚಳಿಗೆ ತಮಗೂ ಸರಿಯಾಗಿ ನಿದ್ದೆ ಬರುತ್ತಿಲ್ಲ ಎಂದರಂತೆ. ಅಂದು ಅವರಿಬ್ಬರೂ ತುಂಬಾ ಹೊತ್ತು ಮಾತನಾಡಿದರು.